ಸತ್ತ ಸ್ಥಳ: ಮನೆ

"ಒಳಗೆ ಬರ್ಬೇಡ, ಅಲ್ಲೇ ನಿಂತ್ಕೋ. ಈಗಷ್ಟೇ ನೆಲ ಒರೆಸಿದೆ," ಎಂದರು ಡಾಕ್ಟರ್ ಒಟೀಲಿಯಾ, ಕಿಟಕಿಯ ಒಂದೇ ಬಾಗಿಲು ತೆರೆದು. "ನಿನ್ನ ಸೊಸೆ ಕುಡೀತಾಳಾ?"

ಆ ನೆಲ ಒರೆಸಿದವಳು ಸಾಫ್ತಾಳೇ. ಬೆಳಿಗ್ಗೆ ದವಾಖಾನೆಯ ನೆಲ ಒರೆಸಿ, ಈಗ ಅದರ ಮುಂದಿನ ಹಿಮವನ್ನು ಸಲಿಕೆಯಿಂದ ಎತ್ತಿ ಹಾಕುತ್ತಿದ್ದಳು. ಸರ್ಕಾರ ಬಡವರಿಗೆ ಕೊಡುವ ಭತ್ಯೆಗೆ ಬದಲಾಗಿ ಮೇಯರ್ ಹೇಳಿದ ಕೆಲಸ ಮಾಡಬೇಕು, ಅದು ವಾದು ಲೂಪಿ ಊರಿನ ಕಟ್ಟಳೆ. ಹಿಮ ಬಿದ್ದರೆ ಮೇಯರಿಗೆ ಸಾಫ್ತಾಳ ನೆನಪಾಗುತ್ತಿತ್ತು, ಎಲೆ ಉದುರಿದರೂ ಸಾಫ್ತಾಳ ನೆನಪಾಗುತ್ತಿತ್ತು. ಮೊಮ್ಮಗನನ್ನು ಮಣ್ಣು ಮಾಡಿ ಇನ್ನೂ ವಾರ ತುಂಬಿರಲಿಲ್ಲ. ಸೂತಕದ ರಜೆ ಎಂಬುದೊಂದು ಪುರಸಭೆಯಲ್ಲಿ ಇತ್ತು, ಆದರೆ ಅದು ಸಂಬಳದವರಿಗೆ.

"ಕುಡಿಯಾಕೆ ಏನೈತೆ ಡಾಕ್ಟ್ರಮ್ಮ ಅವ್ಳತ್ರ? ನೀರು ಕುಡೀತಾಳೆ," ಎಂದಳು ಸಾಫ್ತಾ.

"ತಮಾಷೆ ಬೇಡ. ಇದು ನಾನು ಕೇಳ್ತಿರೋದಲ್ಲ, ಫಾರಂ ಕೇಳ್ತಿರೋದು. ಮಗು ಸತ್ತರೆ ಜಿಲ್ಲೆಗೆ ವರದಿ ಹೋಗ್ಬೇಕು. ಜಿಲ್ಲೆಯಲ್ಲಿ ಸಮಿತಿ ಕೂತು ಪರಿಶೀಲನೆ ಮಾಡುತ್ತೆ. ಬುಕಾರೆಸ್ಟಿಂದ ಹೊಸ ಸುತ್ತೋಲೆ ಬಂದಿದೆ." ಒಟೀಲಿಯಾ ಪೆನ್ನಿನ ತುದಿಯಿಂದ ಕೂದಲು ಸರಿಸಿಕೊಂಡರು. "ಸಿಗರೇಟು?"

"ನಾನು ಸೇದ್ತೀನಿ. ಅವ್ಳಿಲ್ಲ."

"ಮನೆಯಲ್ಲಿ ಧೂಮಪಾನ, ಹೌದು. ಮಗು, ಅರ್ಮಾಂದೋ, ತಾಯಿ ಪಕ್ಕದಲ್ಲೇ ಮಲಗ್ತಿದ್ದನಾ?"

ಹೆಸರು ಕಿವಿಗೆ ಬಿದ್ದ ಕೂಡಲೇ ಸಾಫ್ತಾ ಪಕ್ಕಕ್ಕೆ ತಿರುಗಿ ಉಗಿದಳು. ಸತ್ತವರ ಹೆಸರನ್ನು ಬಾಯಲ್ಲಿ ಆಡಬಾರದು. ಆಡಿದರೆ ಕರೆದಂತಾಗುತ್ತದೆ, ಕರೆದರೆ ಅವರು ಹೋಗಬೇಕಾದ ಕಡೆ ಹೋಗುವುದಿಲ್ಲ. ಒಟೀಲಿಯಾ ಅದನ್ನು ಬೇರೆಯದೇ ರೀತಿ ತಿಳಿದುಕೊಂಡರು.

"ಥೂ! ದವಾಖಾನೆ ಮುಂದೆ ಉಗೀತೀಯಲ್ಲ, ನಿಮ್ಮ ಜನಕ್ಕೆ ಬುದ್ಧಿ ಯಾವಾಗ ಬರುತ್ತೋ. ಪಕ್ಕದಲ್ಲೇ ಮಲಗ್ತಿದ್ದನಾ ಇಲ್ವಾ?"

"ತೊಟ್ಲಲ್ಲಿ ಮಲಗ್ತಿದ್ದ. ಸಾಯೋವಾಗ ತೊಟ್ಲಲ್ಲೂ ಇರ್ನಿಲ್ಲ, ಪಕ್ಕದಲ್ಲೂ ಇರ್ನಿಲ್ಲ. ಟಾರ್ ರಸ್ತೇಲಿದ್ದ. ಟಾರ್ ರಸ್ತೇಲಿ ಸತ್ತ. ಅದ ಬರ್ಕಳಿ."

ಒಟೀಲಿಯಾ ಬರೆದುಕೊಳ್ಳಲಿಲ್ಲ. ಅವರಿಗೂ ಕಷ್ಟವಿತ್ತು, ಅದನ್ನು ಬಿಡಿಸಿ ಹೇಳಿದರು. ಫಾರಂನಲ್ಲಿ ಸತ್ತ ಸ್ಥಳಕ್ಕೆ ಆಸ್ಪತ್ರೆ, ಆಂಬುಲೆನ್ಸ್, ಮನೆ, ಇತರೆ ಎಂದು ಬೇರೆ ಬೇರೆ ಚೌಕಗಳಿದ್ದವು. "ಇತರೆ ಅಂತ ಹಾಕಿದ್ರೆ ಕೆಳಗೆ ವಿವರ ಬರೀಬೇಕು. ವಿವರ ಬರೆದ್ರೆ ಆಂಬುಲೆನ್ಸಿನವರಿಗೆ ನೋಟಿಸು ಹೋಗುತ್ತೆ. ಅವರು ವಾಪಸ್ ನನ್ನ ಕೇಳ್ತಾರೆ, ಮಂಗಳವಾರವೇ ತಂದ ಮಗುವನ್ನ ಯಾಕೆ ನೋಡ್ಲಿಲ್ಲ ಅಂತ. ಸುಮ್ನೆ ಎಲ್ರಿಗೂ ತಲೆನೋವು. ನಾನು ಬಂದು ನೋಡಿದಾಗ ಮಗು ಎಲ್ಲಿತ್ತು? ನಿಮ್ಮ ಮನೆ ಮೇಜಿನ ಮೇಲೆ. ಅಲ್ವಾ? ಹಾಗಾದ್ರೆ ಮನೆ."

ಕಿಟಕಿ ಮುಚ್ಚಿಕೊಂಡಿತು. ಸಾಫ್ತಾಳ ಕೈಯಲ್ಲಿ ಸಲಿಕೆ ಇತ್ತು. ಗಾಜು ಒಡೆಯುವ ಆಸೆ ಅವಳ ತೋಳಿನವರೆಗೂ ಬಂತು. ಒಡೆದರೆ ಚೂರು ಗುಡಿಸುವವಳೂ ತಾನೇ ಎಂಬುದು ಅದರ ಹಿಂದೆಯೇ ಬಂತು. ಉಳಿದ ಹಿಮವನ್ನು ಎತ್ತಿ ಹಾಕಿದಳು.

ಆ ಮಂಗಳವಾರ ಕೂಸಿಗೆ ಮೈ ಕೆಂಡವಾಗಿತ್ತು, ಎದೆ ಗೊರಗೊರ ಎನ್ನುತ್ತಿತ್ತು. ದವಾಖಾನೆಗೆ ಒಯ್ದರೆ ನರ್ಸು ಬಾಗಿಲಲ್ಲೇ ತಡೆದಳು. ಊರಿನವರು ಜಿಪ್ಸಿಗಳು ಎಂದು ಕರೆಯುವ ರೋಮಾ ಜನಕ್ಕೆ ಶುಕ್ರವಾರ ಮಧ್ಯಾಹ್ನ ಎಂದು ನಿಗದಿ. ಗೋಡೆಯ ಮೇಲೆಲ್ಲೂ ಬರೆದಿರಲಿಲ್ಲ, ಬರೆಯಬೇಕಾಗಿಯೂ ಇರಲಿಲ್ಲ. ಹುಟ್ಟಿದ ಮಗುವಿಗೂ ಗೊತ್ತಿರುವ ಸಂಗತಿ. ಶುಕ್ರವಾರ ಬನ್ನಿ ಎಂದಳು. ಕೂಸಿಗೆ ಶುಕ್ರವಾರದವರೆಗೆ ತಡೆಯಲು ಆಗಲಿಲ್ಲ.

ಗುರುವಾರ ಬೆಳಿಗ್ಗೆ ತುಟಿ ನೀಲಿಯಾಯಿತು. ಸೊಸೆ ನಾರ್ಚಿಸಾ ಪಕ್ಕದ ಮನೆಯವರ ಫೋನಿನಲ್ಲಿ ಆಂಬುಲೆನ್ಸಿಗೆ ಕರೆ ಮಾಡಿದಳು. ಗಂಡ ಜರ್ಮನಿಯ ಕಸಾಯಿಖಾನೆಯಲ್ಲಿ ಹಂದಿ ಕಡಿಯುತ್ತಿದ್ದ, ಮನೆಯಲ್ಲಿ ಇದ್ದ ದೊಡ್ಡವರು ಅತ್ತೆ ಸೊಸೆ ಇಬ್ಬರೇ. ಯಾವ ಊರು, ಯಾವ ಬೀದಿ ಎಂದು ಕೇಳಿದರು. ಇಟ್ಟಿಗೆಗೂಡಿನ ಕೇರಿ ಎಂದಳು. ಅಲ್ಲಿಯವರೆಗೆ ಮೇಡಂ ಎನ್ನುತ್ತಿದ್ದ ದನಿ ಬದಲಾಯಿತು. "ಟಾರ್ ರಸ್ತೆಗೆ ತಗೊಂಡು ಬಾ. ಕೇರಿಯೊಳಗೆ ಪೊಲೀಸ್ ಇಲ್ದೆ ಗಾಡಿ ಬರಲ್ಲ."

ತಂದರು. ಕೇರಿಯಿಂದ ಟಾರ್ ರಸ್ತೆಗೆ ಕೆಸರಿನ ದಾರಿ. ಅಂದು ಮಳೆಯೂ ಅಲ್ಲದ ಹಿಮವೂ ಅಲ್ಲದ ಒಂದು ಹಾಳು ಬೀಳುತ್ತಿತ್ತು. ಬಸ್ ತಂಗುದಾಣದ ಸೂರಿನ ತಗಡನ್ನು ಯಾರೋ ಕಿತ್ತು ಮಾರಿಕೊಂಡಿದ್ದರು. ಮಾರಿಕೊಂಡವನು ಕೇರಿಯವನೇ, ಸಾಫ್ತಾಳ ಸೋದರತ್ತೆಯ ಮಗ. ಆ ಬೇವರ್ಸಿಯನ್ನು ಅವಳು ಅಂದು ಬಾಯಿಗೆ ಬಂದಂತೆ ಬೈದಳು. ನಾರ್ಚಿಸಾ ಕೂಸನ್ನು ಕೋಟಿನೊಳಗೆ ಎದೆಗೆ ಒತ್ತಿಕೊಂಡಿದ್ದಳು, ಸಾಫ್ತಾ ಇಬ್ಬರ ತಲೆಯ ಮೇಲೂ ತನ್ನ ಸ್ಕಾರ್ಫು ಹಿಡಿದಿದ್ದಳು. ಲಾರಿಗಳು ಕೆಸರು ಹಾರಿಸಿಕೊಂಡು ಹೋದವು. ಬಸ್ಸೊಂದು ಬಂತು, ಡ್ರೈವರು ಇವರನ್ನು ನೋಡಿ ನಿಲ್ಲಿಸದೆ ಹೋದ.

ಆಂಬುಲೆನ್ಸು ಬಹಳ ದೂರದಲ್ಲೇನೂ ಇರಲಿಲ್ಲ. ಪೆಟ್ರೋಲ್ ಬಂಕಿನ ಬಳಿ ಪೊಲೀಸ್ ಜೀಪಿಗೆ ಕಾಯುತ್ತ ನಿಂತಿತ್ತು. ಪೊಲೀಸ್ ಜೀಪು ಕಾಡಿನ ಮರ ಕದ್ದವರ ಹಿಂದೆ ಹೋಗಿತ್ತು. ಕೂಸು ಎರಡು ಸಲ ಬಾಯಿ ತೆರೆದು ಉಸಿರೆಳೆಯಿತು, ಆಮೇಲೆ ಎಳೆಯಲಿಲ್ಲ. ನಾರ್ಚಿಸಾ ಬಹಳ ಹೊತ್ತು ಅದನ್ನು ಯಾರಿಗೂ ಹೇಳಲಿಲ್ಲ. ಹಾಗೇ ತೂಗುತ್ತ ನಿಂತಿದ್ದಳು.

ಗಾಡಿ ಬಂದಾಗ ಅದರಲ್ಲಿದ್ದ ಡಾಕ್ಟರು ಇಳಿದು, ಕೋಟು ಸರಿಸಿ, ಎದೆಗೆ ಕೊಳವೆ ಇಟ್ಟು, ತಲೆಯಾಡಿಸಿದ. ಒಳ್ಳೆಯ ಹುಡುಗನಂತೆಯೇ ಕಂಡ, ಕಣ್ಣಲ್ಲಿ ನೀರಿತ್ತು. ಡ್ರೈವರು ಇಳಿಯಲೇ ಇಲ್ಲ. "ಸತ್ತವರನ್ನ ನಾವು ಒಯ್ಯಂಗಿಲ್ಲ, ನಿಯಮ ಇಲ್ಲ. ಮನೆಗೆ ತಗೊಂಡು ಹೋಗಿ," ಎಂದ. ಬಂದ ದಾರಿಯಲ್ಲೇ ವಾಪಸ್ ತಂದು ಮೇಜಿನ ಮೇಲೆ ಮಲಗಿಸಿದರು. ಹೀಗೆ ಕೂಸು ಮನೆಯಲ್ಲಿ ಸತ್ತಿತು.

ಫಾರಂ ಜಿಲ್ಲೆಗೆ ಹೋದ ಮೇಲೆ ಕ್ರೀನಾ ಕೇರಿಗೆ ಬಂದಳು. ಅವಳೂ ರೋಮಾ ಹೆಂಗಸೇ, ಪಕ್ಕದ ಪಟ್ಟಣದವಳು. ಕೇರಿಗೂ ಡಾಕ್ಟರುಗಳಿಗೂ ನಡುವೆ ಮಾತು ದಾಟಿಸುವ ಕೆಲಸಕ್ಕೆ ಪುರಸಭೆ ಅವಳ ಕುತ್ತಿಗೆಗೆ ಬಿಲ್ಲೆ ತೂಗುಹಾಕಿತ್ತು. ಕೇರಿಯವರು ಅವಳನ್ನು ಡಾಕ್ಟರುಗಳ ಕಡೆಯವಳು ಎನ್ನುತ್ತಿದ್ದರು, ಡಾಕ್ಟರುಗಳು ಕೇರಿಯವಳು ಎನ್ನುತ್ತಿದ್ದರು.

"ಗುರುವಾರ ಸಮಿತಿ ಬತ್ತದೆ," ಎಂದಳು, ಒಲೆಯ ಮುಂದೆ ಕೂತು ಕಾಫಿ ಹೀರುತ್ತ. "ಜಿಲ್ಲೆಯಿಂದ ದೊಡ್ಡ ಡಾಕ್ಟ್ರು ಬಾರ್ಬು, ಮಕ್ಕಳ ರಕ್ಷಣೆ ಆಫೀಸಿಂದ ಲೀವಿಯಾ ಮೇಡಮ್ಮು, ನಮ್ಮ ಒಟೀಲಿಯಾ ಡಾಕ್ಟ್ರು. ಕೂಸು ಎಲ್ಲಿ ಮಲಗಿತ್ತು ಅಂತ ನೋಡ್ತಾರೆ. ತೊಟ್ಲು, ಹಾಸ್ಗೆ, ಹಾಲಿನ ಬಾಟ್ಲು ಎಲ್ಲ ಸೆಂದಾಗಿ ಜೋಡ್ಸಿಡಿ. ಎಲ್ಲೈತೆ ತೊಟ್ಲು?"

ನಾರ್ಚಿಸಾಳ ಮಡಿಲಲ್ಲಿ ಸತ್ತ ಕೂಸಿನ ಅಕ್ಕ ಬ್ರಿಂದುಶಾ, ಇನ್ನೂ ಸರಿಯಾಗಿ ಮಾತು ತಿರುಗದ ಮಗು, ಮೆಕ್ಕೆಜೋಳದ ಮುದ್ದೆಯನ್ನು ಬೆರಳಲ್ಲಿ ಅದುಮಿ ಅದುಮಿ ತಿನ್ನುತ್ತಿತ್ತು.

"ಸುಟ್ಟಾಕಿದೊ," ಎಂದಳು ಸಾಫ್ತಾ.

ಕ್ರೀನಾ ಲೋಟ ಕೆಳಗಿಟ್ಟಳು. "ಏನ?"

"ಏನ ಅಂದ್ರೆ? ತೊಟ್ಲು, ಹಾಸ್ಗೆ, ಬಟ್ಟೆ, ಬಾಟ್ಲು, ಆಟದ ಗಿಲಕಿ. ಮಣ್ಣು ಮಾಡಿ ಬಂದ ದಿನಾನೆ. ನಿಮ್ ಪಟ್ಣದಲ್ಲಿ ಸತ್ತೋರ ಸಾಮಾನ್ನ ಮನೇಲಿ ಮಡಿಕಂಡು ಪೂಜೆ ಮಾಡ್ತೀರೇನು?"

"ಅಯ್ಯೋ ನಿನ್ ಮನೆ ಕಾಯ್ವಾಗ! ಅವ್ರು ಅದ್ನ ಏನಂತಾರೆ ಗೊತ್ತಾ? ಸಾಕ್ಷಿ ನಾಶ ಅಂತಾರೆ. ಕೂಸಿನ್ ಮೇಲೆ ತಾಯಿ ಮಗ್ಗುಲಾಗಿ ಉಸ್ರು ಕಟ್ತು ಅಂತಾರೆ. ತಾಯಿ ಸರಿಯಿಲ್ಲ ಅಂತ ಬಂದ್ರೆ ಇರೋ ಮಗೀನ ಯಾರ್ ಬಿಡ್ತಾರೆ ನಿಮ್ಮತ್ರ?" ಕ್ರೀನಾ ಬ್ರಿಂದುಶಾಳ ಕಡೆ ಕಣ್ಣು ಮಾಡಿದಳು. "ಲೀವಿಯಾ ಮೇಡಮ್ಮು ಹೋದ ವರ್ಷ ಸೇತುವೆ ಹತ್ರದ ಮನೆಯಿಂದ ಎರಡು ಮಕ್ಳ ತಗೊಂಡೋದ್ಲಲ್ಲ, ತಾತ್ಕಾಲಿಕ ಅಂದ್ಲು. ಇವತ್ತಿಗೂ ತಾತ್ಕಾಲಿಕನೇ."

ನಾರ್ಚಿಸಾ ಮಗುವನ್ನು ಒತ್ತಿ ಹಿಡಿದುಕೊಂಡ ರಭಸಕ್ಕೆ ಅದು ಅತ್ತಿತು. ಒಂದನ್ನು ಮಣ್ಣಿಗೆ ಕೊಟ್ಟಾಗಿತ್ತು, ಇನ್ನೊಂದನ್ನು ಸರ್ಕಾರಕ್ಕೆ ಕೊಡಲು ಸಾಫ್ತಾಳ ಹತ್ತಿರ ಮಕ್ಕಳ ಅಂಗಡಿ ಇರಲಿಲ್ಲ.

"ಯಾರತ್ರನಾದ್ರೂ ಒಂದು ತೊಟ್ಲು ಈಸ್ಕೊಂಬಂದು ಇಡಿ. ಒಂದೇ ದಿನಕ್ಕೆ," ಎಂದಳು ಕ್ರೀನಾ.

ಸಾಫ್ತಾ ಕೇರಿಯೆಲ್ಲ ತಿರುಗಿದಳು. ತೊಟ್ಟಿಲು ಇದ್ದ ಮನೆಗಳು ಬೇಕಾದಷ್ಟಿದ್ದವು. ಕೊಡುವ ಮನೆ ಒಂದೂ ಇರಲಿಲ್ಲ. ಕೂಸು ಸತ್ತ ಮನೆಗೆ ಹೋಗಿ ಬಂದ ತೊಟ್ಟಿಲಲ್ಲಿ ಮತ್ತೆ ತಮ್ಮ ಕೂಸನ್ನು ಯಾರು ಮಲಗಿಸುತ್ತಾರೆ? "ಬೇರೆ ಏನಾದ್ರೂ ಕೇಳಕ್ಕ, ಪ್ರಾಣ ಕೇಳು," ಎಂದಳು ಒಬ್ಬಳು ಅಳುತ್ತ. ಇನ್ನೊಬ್ಬಳು ಬಾಗಿಲೇ ತೆಗೆಯಲಿಲ್ಲ. ಸಾಫ್ತಾಳಿಗೆ ಸಿಟ್ಟೂ ಬರಲಿಲ್ಲ, ಯಾಕೆಂದರೆ ಅವಳೇ ಆಗಿದ್ದರೂ ಕೊಡುತ್ತಿರಲಿಲ್ಲ.

ಗುರುವಾರ ಸಮಿತಿ ಬಂತು. ಕಾರನ್ನು ಟಾರ್ ರಸ್ತೆಯಲ್ಲೇ ನಿಲ್ಲಿಸಿ, ಕೆಸರಿನಲ್ಲಿ ಕಾಲು ಆರಿಸಿ ಆರಿಸಿ ಇಡುತ್ತ ನಡೆದು ಬಂದರು. ಬಾಗಿಲಲ್ಲಿ ನಿಂತು ಶೂಗಳ ಮೇಲೆ ನೀಲಿ ಪ್ಲಾಸ್ಟಿಕ್ ಚೀಲ ಹಾಕಿಕೊಂಡರು. ನೆಲ ಕೊಳೆಯಾಗಬಾರದೆಂದೋ ಶೂ ಕೊಳೆಯಾಗಬಾರದೆಂದೋ ಯಾರೂ ಹೇಳಲಿಲ್ಲ. ನಾರ್ಚಿಸಾ ಮನೆಯಲ್ಲಿದ್ದ ಚೆಂದದ ಲೋಟಗಳಲ್ಲಿ ಕಾಫಿ ತಂದಿಟ್ಟಳು. "ಈಗಷ್ಟೇ ಕುಡಿದು ಬಂದ್ವಿ," ಎಂದರು ಮೂವರೂ ಒಟ್ಟಿಗೆ. ಕ್ರೀನಾ ಮಾತ್ರ ಕುಡಿದಳು, ಆಮೇಲೆ ಅವರ ಮುಖ ನೋಡಿ ಅರ್ಧಕ್ಕೆ ಬಿಟ್ಟಳು.

ಬಾರ್ಬು ಸಾಹೇಬರು ಮೆತ್ತಗೆ ಮಾತಾಡುವ ಮನುಷ್ಯ. ಬೈಯುವ ಡಾಕ್ಟರುಗಳನ್ನೇ ಕಂಡಿದ್ದ ಸಾಫ್ತಾಳಿಗೆ ಅದೇ ಹೆದರಿಕೆ ಹುಟ್ಟಿಸಿತು.

"ಮೊದಲನೆಯದಾಗಿ ನಿಮ್ಮ ದುಃಖದಲ್ಲಿ ನಾವೂ ಭಾಗಿ," ಎಂದರು. "ಎರಡನೆಯದಾಗಿ, ಇದು ಯಾರನ್ನೂ ದೂರೋದಕ್ಕೆ ಮಾಡ್ತಿರೋದಲ್ಲ. ಕಲಿಯೋದಕ್ಕೆ. ಪ್ರತಿಯೊಂದು ಮಗುವಿನ ಸಾವಿನಿಂದಲೂ ನಾವು ಕಲೀತೀವಿ. ಕೊನೇಲಿ ಒಂದೇ ಪ್ರಶ್ನೆಗೆ ಉತ್ತರ ಬೇಕು: ಈ ಸಾವನ್ನ ತಪ್ಪಿಸಬಹುದಾಗಿತ್ತಾ ಇಲ್ವಾ?"

"ತಪ್ಪುಸ್ಬೋದಿತ್ತು," ಎಂದಳು ಸಾಫ್ತಾ.

ಬಾರ್ಬು ತಲೆಯಾಡಿಸಿ ಬರೆದುಕೊಂಡರು. "ಕುಟುಂಬವೇ ಒಪ್ಪಿದೆ. ಒಳ್ಳೇದು, ಇದರಿಂದ ಅನುಕೂಲ ಆಗುತ್ತೆ. ಅರ್ಮಾಂದೋ ಮಲಗಿದ್ದ ತೊಟ್ಟಿಲು?"

ಸಾಫ್ತಾ ಉಗಿದಳು. ಲೀವಿಯಾ ಮೇಡಂ ತಮ್ಮ ಪುಸ್ತಕದಲ್ಲಿ ಏನೋ ಗೀಚಿದರು.

"ಇಲ್ಲ. ಸುಟ್ಟೊ."

"ಸುಟ್ಟಿರಾ. ಹಾಸಿಗೆ?"

"ಅದೂನೂವೆ."

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ನಮ್ ಪದ್ಧತಿ ಸಾಹೇಬ್ರೆ, ಸತ್ತೋರ್ದು ಮನೇಲಿ ಇಕ್ಕಂಗಿಲ್ಲ," ಎಂದು ಕ್ರೀನಾ ನಡುವೆ ಬಾಯಿ ಹಾಕಿದಳು. "ನಿಮ್ಮನ್ನ ಕೇಳಿದಾಗ ಹೇಳಿ," ಎಂದರು ಒಟೀಲಿಯಾ. ಅವಳ ಕೈ ಕುತ್ತಿಗೆಯ ಬಿಲ್ಲೆಗೆ ಹೋಯಿತು.

"ಸಾಹೇಬ್ರೆ, ಕೂಸು ಹಾಸ್ಗೇಲಿ ಸಾಯ್ನಿಲ್ಲ," ಎಂದಳು ಸಾಫ್ತಾ. "ಟಾರ್ ರಸ್ತೇಲಿ ಕಾದು ಕಾದು ಸತ್ತ. ಗಾಡಿ ಬರ್ನಿಲ್ಲ. ಈ ಡಾಕ್ಟ್ರಮ್ಮಂಗೂ ಯೋಳಿದ್ದೆ."

"ವರದಿಯಲ್ಲಿ ಮನೆ ಅಂತಿದೆ," ಎಂದರು ಬಾರ್ಬು, ಬೇಸರವಿಲ್ಲದೆ. "ಆಂಬುಲೆನ್ಸಿನ ದಾಖಲೆಯಲ್ಲೂ, ಗಾಡಿ ತಲುಪುವ ಮುಂಚೆಯೇ ಸಾವು ಅಂತಿದೆ. ಎರಡೂ ಒಂದಕ್ಕೊಂದು ಹೊಂದುತ್ತವೆ. ನಿಮ್ಮ ನೆನಪು ದುಃಖದಲ್ಲಿ ಸ್ವಲ್ಪ ಹಿಂದೆಮುಂದೆ ಆಗಿರಬಹುದು, ಅದು ಸಹಜ. ಅದಕ್ಕೇ ನಮ್ಮ ಹತ್ರ ಒಂದು ವಿಧಾನ ಇದೆ."

ಚೀಲದಿಂದ ಒಂದು ಗೊಂಬೆ ತೆಗೆದರು. ಬಟ್ಟೆ ತುಂಬಿದ, ಕಣ್ಣು ಮೂಗು ಏನೂ ಇಲ್ಲದ, ಕೂಸಿನಷ್ಟೇ ಉದ್ದದ, ಕೂಸಿನಷ್ಟೇ ತೂಕದ ಗೊಂಬೆ. ಬೆನ್ನಿಗೆ ಕಚೇರಿಯ ಸಂಖ್ಯೆ ಹೊಲಿದಿತ್ತು.

"ತಾಯಿ, ಇದನ್ನ ತಗೊಳ್ಳಿ. ಆ ಬೆಳಿಗ್ಗೆ ಮಗುವನ್ನ ಹೇಗೆ ಮಲಗಿಸಿದ್ರಿ, ನೀವು ಹೇಗೆ ಮಲಗಿದ್ರಿ, ಆಮೇಲೆ ಮಗು ಹೇಗಿತ್ತು, ಹಾಗೇ ತೋರಿಸಿ. ನಿಧಾನವಾಗಿ. ಇಲ್ಲಿ ತಪ್ಪು ಸರಿ ಅಂತ ಏನೂ ಇಲ್ಲ."

ನಾರ್ಚಿಸಾ ಗೊಂಬೆಯನ್ನು ನೋಡಿದಳು. ಹಿಂದೆ ಸರಿದಳು. ಗೋಡೆ ಬೆನ್ನಿಗೆ ತಾಗಿದ ಮೇಲೂ ಸರಿಯುತ್ತಲೇ ಇದ್ದಳು. ಅವಳ ಬಾಯಿಂದ ಬಂದದ್ದು ಅಳುವಲ್ಲ, ಏನೋ ಒಂದು ಸದ್ದು. ಹೆತ್ತ ದಿನ ಕೂಡ ಸಾಫ್ತಾ ಅಂಥ ಸದ್ದು ಅವಳಿಂದ ಕೇಳಿರಲಿಲ್ಲ.

"ತಾಯಿ ಸಹಕರಿಸ್ತಿಲ್ಲ," ಎಂದು ಒಟೀಲಿಯಾ ಮೆಲ್ಲಗೆ ಹೇಳಿದರು, ಬರೆಯುವವರಿಗೆ ಅನುಕೂಲವಾಗಲೆಂದು.

ಲೀವಿಯಾ ಮೇಡಂ ಎದ್ದು ಬ್ರಿಂದುಶಾಳ ಮುಂದೆ ಮಂಡಿಯೂರಿದರು. ಮಗುವಿನ ಕೆನ್ನೆ ಮುಟ್ಟಿ, ಕಾಲು ನೋಡಿ, ತಲೆಯಲ್ಲಿ ಹೇನು ನೋಡಿದರು. ಜೇಬಿಂದ ಚಾಕೊಲೇಟು ಕೊಟ್ಟರು. "ಚಿನ್ನ, ಕಾರಲ್ಲಿ ಕೂತಿದ್ದೀಯಾ ಯಾವಾಗಾದ್ರೂ?" ಎಂದರು. ಆಮೇಲೆ ಎದ್ದು ನಿಂತು ಸಾಫ್ತಾಳಿಗೆ, "ಇವತ್ತು ಇವಳು ನಮ್ಮ ಜೊತೆ ಬರಲಿ. ಬರೀ ತಪಾಸಣೆಗೆ. ಪರಿಶೀಲನೆ ಮುಗಿಯೋವರೆಗೆ. ತಾತ್ಕಾಲಿಕ," ಎಂದರು.

ಕ್ರೀನಾ ಕಣ್ಣು ಮುಚ್ಚಿಕೊಂಡಳು.

ಸಾಫ್ತಾಳಿಗೆ ಕೂಗಬೇಕೆನಿಸಿತು. ಆ ಹೆಂಗಸಿನ ಜುಟ್ಟು ಹಿಡಿದು ಕೆಸರಿಗೆ ಎಳೆದುಕೊಂಡು ಹೋಗಬೇಕೆನಿಸಿತು. ಹಾಗೆ ಮಾಡಿದರೆ ಪೊಲೀಸ್ ಜೀಪು ಆ ದಿನ ಎಷ್ಟು ಬೇಗ ಬಂದೀತು ಎಂಬುದೂ ಅವಳಿಗೆ ಗೊತ್ತಿತ್ತು. ಕೈ ಚಾಚಿದಳು, ಬಾರ್ಬು ಸಾಹೇಬರ ಮುಂದೆ.

"ಕೊಡಿ ಇಲ್ಲಿ. ನಾನು ತೋರುಸ್ತೀನಿ."

"ನೀವಾ? ತಾಯಿನೇ ತೋರಿಸಿದ್ರೆ ಒಳ್ಳೇದಿತ್ತು."

"ನಾನೂ ಅಲ್ಲೇ ಇದ್ದೆ. ಶುರುವಿಂದ ಕೊನೇವರ್ಗೂ ಇದ್ದೆ. ಎಂಗಾಯ್ತೋ ಅಂಗೇ ತೋರುಸ್ತೀನಿ, ಒಂಚೂರೂ ಎಚ್ಚು ಕಮ್ಮಿ ಮಾಡಾಕಿಲ್ಲ. ಆಮೇಲ್ ಮಗೀನ ಮಾತು."

ಬಾರ್ಬು ಇನ್ನಿಬ್ಬರನ್ನು ನೋಡಿದರು. ಅಜ್ಜಿಯಿಂದ ಮರುಚಿತ್ರಣ ಎಂದು ಬರೆದುಕೊಂಡು ಗೊಂಬೆ ಕೊಟ್ಟರು. ತೂಕ ಕೈಗೆ ಬಂದ ಕೂಡಲೇ ಸಾಫ್ತಾಳ ಅಂಗೈ ತಾನಾಗಿ ಅದರ ತಲೆಯ ಕೆಳಗೆ ಹೋಯಿತು. ಅದೇ ತೂಕ. ಹಾಳಾದವರು ಅದೇ ತೂಕ ಹಾಕಿ ಹೊಲಿದಿದ್ದರು.

ಅವಳು ಅದನ್ನು ಹಾಸಿಗೆಯ ಮೇಲೆ ಮಲಗಿಸಲಿಲ್ಲ. ಸ್ಕಾರ್ಫಿನಲ್ಲಿ ಸುತ್ತಿ ಎದೆಗೆ ಒತ್ತಿಕೊಂಡು ಬಾಗಿಲು ದಾಟಿದಳು.

"ಎಲ್ಲಿಗೆ? ಏ ಎಲ್ಲಿಗೆ ಹೋಗ್ತಿದ್ದೀಯ?" ಎಂದರು ಒಟೀಲಿಯಾ.

"ತೋರುಸ್ತಿದ್ದೀನಿ ಡಾಕ್ಟ್ರಮ್ಮ. ಬನ್ನಿ."

ಅವರು ಹೋಗದೆ ಇರಬಹುದಿತ್ತು. ಆದರೆ ಗೊಂಬೆ ಕಚೇರಿಯ ಆಸ್ತಿ, ಬಾರ್ಬು ಸಹಿ ಹಾಕಿ ತಂದಿದ್ದರು. ಅಲ್ಲದೆ ಕಾರು ಇದ್ದದ್ದೂ ಆ ಕಡೆಯೇ. ನೀಲಿ ಚೀಲ ಬಿಚ್ಚುವುದಕ್ಕೂ ಪುರುಸೊತ್ತಾಗದೆ ಮೂವರೂ ಕೆಸರಿಗೆ ಇಳಿದರು. ಪ್ಲಾಸ್ಟಿಕ್ ಜಾರುತ್ತಿತ್ತು. ಒಟೀಲಿಯಾ ಒಂದು ಕಡೆ ಕೂತೇ ಬಿಟ್ಟರು, ಕ್ರೀನಾ ಎಬ್ಬಿಸಿದಳು. ಲೀವಿಯಾ ಮೇಡಂ ಮಗುವನ್ನು ಎತ್ತಿಕೊಳ್ಳಲು ಹೋದರೆ ನಾರ್ಚಿಸಾ ಅದಾಗಲೇ ಅದನ್ನು ಸೊಂಟಕ್ಕೆ ಏರಿಸಿಕೊಂಡು ಅತ್ತೆಯ ಹಿಂದೆ ಹೊರಟಿದ್ದಳು. ಅದರ ಬಾಯಿ ತುಂಬ ಚಾಕೊಲೇಟು.

ಕೇರಿ ಬಾಗಿಲುಗಳಲ್ಲಿ ನಿಂತು ನೋಡಿತು. ಕೂಸನ್ನು ಎದೆಗೆ ಒತ್ತಿಕೊಂಡು ಅತ್ತೆ ಸೊಸೆ ಟಾರ್ ರಸ್ತೆಗೆ ಹೋಗುವುದನ್ನು ಎರಡು ವಾರದ ಹಿಂದಿನ ಗುರುವಾರವಷ್ಟೇ ಅವರೆಲ್ಲ ನೋಡಿದ್ದರು. ಮೊದಲು ಹೊರಬಂದವಳು ತೊಟ್ಟಿಲು ಕೊಡಲ್ಲ ಎಂದು ಅತ್ತವಳು. ಅವಳ ಹಿಂದೆ ಬಾಗಿಲೇ ತೆಗೆಯದಿದ್ದವಳು. ಆಮೇಲೆ ಎಲ್ಲರೂ.

ತಂಗುದಾಣದ ತಗಡಿಲ್ಲದ ಸೂರಿನ ಕೆಳಗೆ ಸಾಫ್ತಾ ನಿಂತಳು. ಆಕಾಶದಿಂದ ಸಣ್ಣಗೆ ಹಿಮದ ನೀರು ಬೀಳಲು ಶುರುವಾಗಿತ್ತು.

"ಇಲ್ಲಿ," ಎಂದಳು. "ಸೊಸೆ ಇಲ್ಲಿ ನಿಂತಿದ್ಲು. ನಾನು ಇಲ್ಲಿ ನಿಂತಿದ್ದೆ. ಕೂಸು ಇಂಗಿತ್ತು."

"ಸರಿ. ಬರ್ಕೊಂಡಿದ್ದೀನಿ," ಎಂದರು ಬಾರ್ಬು. ಪೆನ್ನು ಒದ್ದೆ ಕಾಗದದ ಮೇಲೆ ಓಡುತ್ತಿರಲಿಲ್ಲ. "ಆಮೇಲೆ?"

"ಆಮೇಲೆ ಏನಿಲ್ಲ. ನಿಂತಿದ್ದೊ."

"ಅದಾದ ಮೇಲೆ?"

"ನಿಂತೇ ಇದ್ದೊ ಸಾಹೇಬ್ರೆ. ಬನ್ನಿ, ನೀವೂ ಇಂಗ್ ಬನ್ನಿ, ಸೂರಿನ್ ಕೆಳ್ಕೆ. ನೋಡಿ ಕಲೀಬೇಕು ಅಂದ್ರಲ್ಲ."

ಬಾರ್ಬು ನಕ್ಕರು, ಒಳ್ಳೆಯ ನಗುವೇ. ವಿಧಾನ ಇಲ್ಲಿಗೆ ಮುಗಿಯಿತು, ಸಹಕಾರಕ್ಕೆ ಧನ್ಯವಾದ ಎಂದರು. ಗೊಂಬೆಗೆ ಕೈ ನೀಡಿದರು. ಸಾಫ್ತಾ ಕೊಡಲಿಲ್ಲ. ಸ್ಕಾರ್ಫಿನ ಅಂಚಿನಿಂದ ಅದರ ಮುಖವಿಲ್ಲದ ಮುಖಕ್ಕೆ ನೀರು ಬೀಳದಂತೆ ಮುಚ್ಚಿದಳು.

"ಇನ್ನೂ ಸತ್ತಿಲ್ಲ," ಎಂದಳು. "ಉಸ್ರಾಡ್ತೈತೆ. ಗಾಡಿಗೆ ಫೋನ್ ಮಾಡಿ. ಯಾವ್ ಊರು ಅಂದ್ರೆ ಇಟ್ಟಿಗೆಗೂಡಿನ ಕೇರಿ ಅನ್ನಿ."

"ಸುಳ್ಳು ಫೋನ್ ಮಾಡೋದು ಅಪರಾಧ, ಅಜ್ಜಿ."

"ನಾವು ಅವತ್ತು ನಿಜವಾದ್ದೇ ಮಾಡಿದ್ದೊ."

ಲೀವಿಯಾ ಮೇಡಂ ಕಾರಿನ ಸ್ಟೇರಿಂಗಿನ ಕಡೆಯ ಬಾಗಿಲು ತೆರೆದು ಕೂತರು. ಒಟೀಲಿಯಾ ಇನ್ನೊಂದು ಬಾಗಿಲಿಂದ ಕೂತರು, ಹಿಂಭಾಗವೆಲ್ಲ ಕೆಸರು. "ಪೊಲೀಸರಿಗೆ ಹೇಳಿ ಸಾರ್, ಇವರ ಜೊತೆ ಮಾತೇನು," ಎಂದು ಒಳಗಿಂದ ಕೂಗಿದರು. ಎಂಜಿನ್ ಶುರುವಾಯಿತು. ಆಗ ನಾರ್ಚಿಸಾ, ಸಮಿತಿ ಬಂದಾಗಿನಿಂದ ಒಂದು ಮಾತೂ ಆಡದಿದ್ದ ನಾರ್ಚಿಸಾ, ಮಗಳನ್ನು ಮಡಿಲಲ್ಲಿಟ್ಟುಕೊಂಡು ಕಾರಿನ ಮುಂದೆ ಟಾರಿನ ಮೇಲೆ ಕೂತಳು. ಅವಳ ಪಕ್ಕಕ್ಕೆ ತೊಟ್ಟಿಲು ಕೊಡದವಳು ಕೂತಳು. ಅವಳ ಪಕ್ಕಕ್ಕೆ ಇನ್ನೊಬ್ಬಳು. ಹಿಂದೆಯೂ ಹೆಂಗಸರು ಕೂತರು. ಯಾರೂ ಕಾರನ್ನು ಮುಟ್ಟಲಿಲ್ಲ, ಯಾರೂ ಬೈಯಲೂ ಇಲ್ಲ. ಕೇರಿಯ ಬಾಯಿ ಗೊತ್ತಿದ್ದ ಒಟೀಲಿಯಾಗೆ ಅದೇ ಹೆಚ್ಚು ದಿಗಿಲಾಯಿತು.

ಕ್ರೀನಾ ರಸ್ತೆಯಂಚಿನಲ್ಲಿ ಒಬ್ಬಳೇ ನಿಂತಿದ್ದಳು. "ಕ್ರೀನಾ, ಏಳ್ಸು ಇವರನ್ನ, ನಿನ್ನ ಕೆಲಸ ಅದು," ಎಂದರು ಬಾರ್ಬು. ಮೊದಲ ಸಲ ಅವರ ದನಿ ಏರಿತ್ತು. ಕ್ರೀನಾ ಹೆಂಗಸರ ಸಾಲನ್ನು ನೋಡಿದಳು, ಸಾಹೇಬರನ್ನು ನೋಡಿದಳು. ಕುತ್ತಿಗೆಯ ಬಿಲ್ಲೆ ತೆಗೆದು ಕೋಟಿನ ಜೇಬಿಗೆ ಹಾಕಿಕೊಂಡು, ಸಾಲಿನ ಕೊನೆಯಲ್ಲಿ, ಸ್ವಲ್ಪ ಜಾಗ ಬಿಟ್ಟು, ಕೂತಳು.

ಬಾರ್ಬು ಫೋನು ತೆಗೆದು ಪೊಲೀಸರಿಗೆ ಕರೆ ಮಾಡಿದರು. ಜೀಪು ಇನ್ನೊಂದು ಕಡೆ ಇದೆ, ಬರುತ್ತದೆ, ಕಾಯಿರಿ ಎಂದರು ಆ ಕಡೆಯವರು. ಬಾರ್ಬು ಫೋನನ್ನು ಜೇಬಿಗಿಟ್ಟರು.

ನೀರು ಜೋರಾಯಿತು. ಅವರ ಕೂದಲು ಹಣೆಗೆ ಅಂಟಿತು, ಕೈಯಲ್ಲಿದ್ದ ಕಾಗದದ ಮೇಲೆ ಬರೆದದ್ದೆಲ್ಲ ಹರಿದು ಒಂದಾಯಿತು. ಕೊನೆಗೆ ಅವರು ಬಂದು ಸೂರಿಲ್ಲದ ಸೂರಿನ ಕೆಳಗೆ ಸಾಫ್ತಾಳ ಪಕ್ಕ ನಿಂತರು, ಸಹಿ ಹಾಕಿ ತಂದ ಗೊಂಬೆಯನ್ನು ಬಿಟ್ಟು ಕಾರು ಹತ್ತುವಂತಿರಲಿಲ್ಲ, ನಿಲ್ಲಲು ಬೇರೆ ಜಾಗವೂ ಇರಲಿಲ್ಲ. ಅವಳು ಗೊಂಬೆಯನ್ನು ತೂಗುತ್ತಿದ್ದಳು. ನಡುಗುತ್ತಿದ್ದರು ಸಾಹೇಬರು. ಒಂದು ಲಾರಿ ಕೆಸರು ಎರಚಿಕೊಂಡು ಹೋಯಿತು.

"ಇನ್ನೂ ಎಷ್ಟು ಹೊತ್ತು ಅಜ್ಜಿ?" ಎಂದರು.

"ಗೊತ್ತಿಲ್ಲ ಕಣಪ್ಪ," ಎಂದಳು ಸಾಫ್ತಾ, ರಸ್ತೆಯ ತಿರುವಿನ ಕಡೆ ನೋಡುತ್ತ. "ನಮ್ಗೂ ಯಾರೂ ಯೋಳ್ನಿಲ್ಲ."